ಆಲ್ಫನ ಶೆಡ್ಡು

ಆಲ್ಫನನ್ನು ಅವನ ಹೆಂಡತಿ ಮನೆಯಿಂದ ಹೊರಗೆ ಹಾಕುತ್ತಿದ್ದಾಳೆ. ಸೆಡ್ರಿಕ್ ಆಕ್‌ರಾಯ್ಡನಿಗೆ ಇದರಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ. ಅಡುಗೆಮನೆಯ ಕಿಟಕಿಯಿಂದ ಕಣ್ಣಾರೆ ಕಾಣುತ್ತಿತ್ತಲ್ಲ: ಪಕ್ಕದ ಮನೆಯ ಬಡಗಿ ಆಲ್ಫ್ ತನ್ನ ತೋಟದ ಮರದ ಶೆಡ್ಡಿನೊಳಕ್ಕೆ ಉಣ್ಣೆಯ ನೆಲಹಾಸು ಹೊತ್ತೊಯ್ಯುತ್ತಿದ್ದ. ಗುದ್ದಲಿ ಸಲಿಕೆಗಳಿಗೆ ಉಣ್ಣೆಯ ನೆಲಹಾಸು ಯಾಕಪ್ಪಾ ಬೇಕು?

“ಪಾಪ, ಚಳಿಗಾಲ ಪೂರ್ತಿ ಅಲ್ಲೇ ಬಿದ್ದಿರ್ತಾನೆ ಅಂತ ಕಾಣುತ್ತೆ,” ಎಂದ.

ಸೆಡ್ರಿಕನ ಹೆಂಡತಿ ಮ್ಯೂರಿಯಲ್ ಹಿಟ್ಟು ನಾದುತ್ತಿದ್ದವಳು ತಲೆ ಎತ್ತಲಿಲ್ಲ. “ಇರಬಹುದು. ನೀನು ಸ್ವಲ್ಪ ಆಚೆ ಸರಿ, ಒಲೆ ಹಚ್ಚಬೇಕು.”

ಸೆಡ್ರಿಕ್ ಸರಿದ. ಸರಿದು, ಅವಳು ಹಿಟ್ಟು ನಾದುವ ಕ್ರಮವೇ ತಪ್ಪೆಂದು ತಿಳಿಸಿದ. ಮೂವತ್ತೆಂಟು ವರ್ಷ ಪುರಸಭೆಯ ಕಟ್ಟಡ ತಪಾಸಣಾಧಿಕಾರಿಯಾಗಿ, ಯಾರ್ಕ್‌ಷೈರಿನ ಆ ಊರಿನ ಮೆಟ್ಟಿಲು, ಮಾಡು, ಮೋರಿಗಳಲ್ಲೆಲ್ಲ ತಪ್ಪು ಹುಡುಕಿದ ಮಹಾನುಭಾವ ಮೇ ತಿಂಗಳಲ್ಲಿ ನಿವೃತ್ತನಾಗಿದ್ದ. ಈಗ ತಪ್ಪು ಹುಡುಕಲು ಉಳಿದದ್ದು ಒಂದು ಅಡುಗೆಮನೆ, ಒಬ್ಬ ಹೆಂಡತಿ. ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿ ಆಗಿತ್ತು. ಚಳಿಗಾಲಕ್ಕೆ ಇನ್ನೂ ದೊಡ್ಡ ಯೋಜನೆಯಿತ್ತು. ಬೆಂಕಿಗೂಡಿನ ಪಕ್ಕದ ತನ್ನ ಹಸಿರು ಕುರ್ಚಿಯನ್ನು ಅಡುಗೆಮನೆಗೇ ತಂದು ಹಾಕಿಕೊಂಡು, ಮಾರ್ಚ್ ಕಳೆಯುವ ತನಕ ಕೂತಲ್ಲಿಂದಲೇ ಅವಳ ಕೆಲಸವನ್ನೆಲ್ಲ ಒಂದು ಶಿಸ್ತಿಗೆ ತರುವುದು. ಆ ಕುರ್ಚಿ ಅವನ ಪಾಲಿನ ಸಿಂಹಾಸನ.

ಆಲ್ಫನ ಸಂಗತಿಯನ್ನು ನೇರವಾಗಿ ಕೇಳುವ ಹಾಗಿರಲಿಲ್ಲ. ಆ ಬೀದಿಯಲ್ಲಿ ಬೇಲಿಯ ಮೇಲಿಂದ ಮಳೆ ಗಾಳಿಯ ಮಾತಾಡಬಹುದು, ಮರಮುಟ್ಟಿನ ಮಾತಾಡಬಹುದು. ಯಾಕೆ, ಯಾರಿಗೆ ಎಂದು ಕೇಳಿದವರು ಮರ್ಯಾದಸ್ಥರಲ್ಲ. ಸೆಡ್ರಿಕ್ ಮರ್ಯಾದಸ್ಥ. ಆದ್ದರಿಂದ ಬೇಲಿಗೆ ಒರಗಿ ನಿಂತು ಬರೀ ಸಲಹೆ ಕೊಟ್ಟ.

“ನೆಲದ ತೇವ ಏರುತ್ತೆ ಆಲ್ಫ್. ಕೆಳಗೆ ಇಟ್ಟಿಗೆ ಕೊಡು.”

“ಕೊಡೋಣ ಸಾಹೇಬ್ರೇ.”

ಕೊಟ್ಟ. ಮಾಡಿನ ಹರಿದ ಡಾಂಬರು ಹಾಳೆ ಕಿತ್ತು ಹೊಸದು ಹೊದಿಸಿದ. ಗಾಳಿ ನುಸುಳುವ ಸಂದಿಗಳನ್ನೆಲ್ಲ ಮುಚ್ಚಿದ. ಮರ ಕೊಳೆಯದಂತೆ ಹೊರಗೋಡೆಗೆ ಎಣ್ಣೆ ಬಳಿದ. ಸಾಲದು ಎಂದು ಸೆಡ್ರಿಕ್ ತಲೆಯಾಡಿಸಿದ್ದಕ್ಕೆ ಮತ್ತೆರಡು ಸಲ ಬಳಿದ. ಇಷ್ಟು ವಿಧೇಯತೆ ಪುರಸಭೆಯಲ್ಲೂ ಸಿಕ್ಕಿರಲಿಲ್ಲ, ಸೆಡ್ರಿಕನಿಗೆ ಎದೆ ತುಂಬಿ ಬಂತು.

ತೋಟದ ಕಡೆಗಿದ್ದ ಬಾಗಿಲನ್ನು ಆಲ್ಫ್ ಕಿತ್ತು ಬೇಲಿಯ ಕಡೆಗೆ ಕೂಡಿಸಿದ್ದು ಮಾತ್ರ ಅವನಿಗೆ ಅರ್ಥವಾಗಲಿಲ್ಲ.

“ಅಲ್ಲಯ್ಯಾ, ಬೇಲಿಗೆ ಮುಖ ಮಾಡಿ ಯಾರಾದ್ರೂ ಬಾಗಿಲು ಇಡ್ತಾರಾ? ಇಲಿ ಥರ ನುಸುಳಿ ಹೋಗ್ತೀಯಾ?”

“ಚಳಿಗಾಳಿ ಆ ಕಡೆಯಿಂದಲ್ವಾ ಸಾಹೇಬ್ರೇ ಹೊಡೆಯೋದು?”

ಅದೂ ನಿಜವೇ. “ಸರಿ, ಎತ್ತರ ಯಾಕೆ ಅಷ್ಟು? ನೀನು ನೋಡಿದ್ರೆ ಐದಡಿ ಆಳು. ಬಾಗಿಲು ನನ್ನಂಥವನೂ ತಲೆ ಬಗ್ಗಿಸದೆ ಹೋಗೋ ಹಾಗಿದೆ!”

“ಟೋಪಿ ಹಾಕ್ಕೊಂಡಿರ್ತೀನಲ್ಲ,” ಎಂದ ಆಲ್ಫ್, ಬೇಲಿಯ ಎರಡು ಹಲಗೆಗಳಿಂದ ತುಕ್ಕು ಹಿಡಿದ ಮೊಳೆ ಕಿತ್ತು ಸ್ಕ್ರೂ ಹಾಕುತ್ತ. “ಮೊಳೆ ಗಾಳಿಗೆ ನಿಲ್ಲಲ್ಲ ನೋಡಿ.”

ಅಷ್ಟರಲ್ಲಿ ಒಳಗಿಂದ ಆಲ್ಫನ ಹೆಂಡತಿ ಡೊರೀನ್ ಗಹಗಹಿಸಿ ನಕ್ಕದ್ದು ಕೇಳಿಸಿತು. ಗಂಡನನ್ನು ಚಳಿಗೆ ದೂಡಿ ನಗುತ್ತಾಳಲ್ಲ, ಎಂಥ ಹೆಂಗಸು! ತನ್ನ ಮ್ಯೂರಿಯಲ್ ಅಂಥವಳಲ್ಲ ಎಂದು ಸೆಡ್ರಿಕ್ ಹೆಮ್ಮೆಪಟ್ಟ. ದಿನಾ ಸಂಜೆ ಆಲ್ಫನಿಗೆಂದು ಸೇಬಿನ ಪೈ ಮಾಡಿ ಇವನ ಕೈಯಲ್ಲೇ ಕಳಿಸುತ್ತಿದ್ದಳು. ನೆರೆಯವನ ಮೇಲೆ ಎಷ್ಟು ಕನಿಕರ!

ಸೆಡ್ರಿಕನ ತೋಟದಲ್ಲಿ ಶೆಡ್ಡಿರಲಿಲ್ಲ. ಮೊದಲು ಇತ್ತು. ಬೇಲಿಗೆ ಆರಂಗುಲ ಹೆಚ್ಚು ಹತ್ತಿರವಿದೆಯೆಂದು ತಾನೇ ತನಗೆ ನೋಟಿಸು ಬರೆದು, ನಿವೃತ್ತನಾದ ಮಾರನೆಯ ದಿನ ತಾನೇ ನಿಂತು ಕೆಡವಿಸಿದ್ದ. ಅಂದು ಮ್ಯೂರಿಯಲ್ ಅತ್ತಿದ್ದಳು. ಯಾಕೆಂದು ಅವನಿಗೆ ಇಂದಿಗೂ ತಿಳಿದಿಲ್ಲ.

ಶುಕ್ರವಾರ ಊಟದ ಹೊತ್ತಿಗೆ ಅವಳೇ ಮಾತು ತೆಗೆದಳು. “ಆ ಶೆಡ್ಡು ಮುಗೀತಂತಲ್ಲ. ಒಬ್ಬ ಮನುಷ್ಯ ಅಲ್ಲಿರೋದು ಆಗೋ ಮಾತಾ ಸೆಡ್ರಿಕ್? ಶೀತ ಗೀತ ಆದ್ರೆ ನನ್ನ ಜೀವ ತಡೆಯಲ್ಲಪ್ಪ.”

“ಏನೂ ಆಗಲ್ಲ! ಒಂದೊಂದು ಹಲಗೆಯನ್ನೂ ನಾನೇ ನೋಡಿದ್ದೀನಿ. ಬೇಕಿದ್ರೆ ಬರೆದು ಕೊಡ್ತೀನಿ.”

“ಹಾಗಾದ್ರೆ ಬರೆದೇ ಕೊಡು,” ಎಂದು ಕಾಗದ ತಂದಿಟ್ಟಳು.

ಆಲ್ಫನ ಧೈರ್ಯಕ್ಕಿರಬೇಕು ಎಂದುಕೊಂಡ. ಆರು ತಿಂಗಳಿಂದ ಯಾರೂ ಅವನ ಸಹಿ ಕೇಳಿರಲಿಲ್ಲ. ಮಸಿಪೆನ್ನು ತೆಗೆದು ದುಂಡಗೆ ಬರೆದ: ಈ ಶೆಡ್ಡನ್ನು ಖುದ್ದು ತಪಾಸಣೆ ಮಾಡಿದ್ದೇನೆ. ಪ್ರಾಯ ಕಳೆದ ಗಂಡಸೊಬ್ಬ ಮಾರ್ಚ್ ಮುಗಿಯುವ ತನಕ ಇದರಲ್ಲಿ ಸುಖವಾಗಿ ಇರಬಹುದು.

“ಬೆಳಗಿನ ತಿಂಡಿಯಿಂದ ರಾತ್ರಿ ಊಟದವರೆಗೆ ಅಂತ ಸೇರಿಸು,” ಎಂದಳು ಮ್ಯೂರಿಯಲ್. ಸೇರಿಸಿದ.

ಶನಿವಾರ ಅವಳು ಗ್ರಂಥಾಲಯಕ್ಕೆ ಪುಸ್ತಕ ಹಿಂತಿರುಗಿಸಿ ಬಾ ಎಂದು ಕಳಿಸಿದಳು. ಒಂದು ಗಂಟೆಯ ನಂತರ ಮೂಗು ಕೆಂಪಗೆ ಮಾಡಿಕೊಂಡು ಬಂದ ಸೆಡ್ರಿಕ್ ಕೋಟು ಕಳಚಿ ನೇರ ಬೆಂಕಿಗೂಡಿನ ಬಳಿ ಹೋದ. ಅಲ್ಲಿ ನೆಲದ ಮೇಲೆ ನಾಲ್ಕು ಕಾಲಿನ ಗುರುತು ಮಾತ್ರ ಇತ್ತು.

“ಮ್ಯೂರಿಯಲ್! ನನ್ನ ಕುರ್ಚಿ ಎಲ್ಲಿ?”

ಅವಳು ಅವನ ಕೋಟನ್ನು ಅವನಿಗೇ ಮತ್ತೆ ತೊಡಿಸಿ, ಗುಂಡಿ ಹಾಕಿ, ಕೈಗೆ ಬಿಸಿ ಪೈ ತಟ್ಟೆ ಕೊಟ್ಟು, ಅಕ್ಕರೆಯಿಂದ ಹಿಂಬಾಗಿಲು ತೆರೆದಳು.

ಬೇಲಿಯಲ್ಲಿ ಎರಡು ಹಲಗೆ ಇರಲಿಲ್ಲ. ಆಚೆ ಆ ಎತ್ತರದ ಬಾಗಿಲು ಇವನತ್ತ ತೆರೆದಿತ್ತು, ಒಳಗೆ ಉಣ್ಣೆಯ ಹಾಸಿನ ಮೇಲೆ ಹಸಿರು ಕುರ್ಚಿ, ಅದರ ಮೇಲೆ ಗೋಡೆಯಲ್ಲಿ ಕಟ್ಟು ಹಾಕಿ ತೂಗುಬಿಟ್ಟ ಅವನದೇ ಸಹಿಯ ಕಾಗದ.