ನೂರಹದಿಮೂರರ ಅಮ್ಮ, ಎಂಬತ್ತೊಂಬತ್ತರ ಮಗಳು

ಜಪಾನಿನ ಕಡಲತೀರದ ಒಂದು ವೃದ್ಧಾಶ್ರಮ...

ಅಲ್ಲಿದ್ದ ಶಿಗೆನೊ ಅಜ್ಜಿಗೆ ನೂರಹದಿಮೂರು ವರ್ಷ. ಗಂಡನನ್ನೂ ಇಬ್ಬರು ಗಂಡುಮಕ್ಕಳನ್ನೂ ಮಣ್ಣು ಮಾಡಿದ ಜೀವ. ಉಳಿದವಳು ಒಬ್ಬಳೇ ಮಗಳು, ಹಿಸಾಯೆ. ಆಕೆಗೇ ಎಂಬತ್ತೊಂಬತ್ತು.

ಪ್ರತಿ ಮಂಗಳವಾರ ಹಿಸಾಯೆ ಬಸ್ಸು ಹತ್ತಿ ಬಂದು, ಅಮ್ಮನ ಪಕ್ಕ ಕೂತು ಊರಿನ ಸುದ್ದಿಯೆಲ್ಲ ಹೇಳಿ ಹೋಗುತ್ತಿದ್ದಳು.

ಒಂದು ಮಂಗಳವಾರ ಬರಲಿಲ್ಲ...

ಮನೆಯಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದಿತ್ತು. ಆಸ್ಪತ್ರೆ ಸೇರಿದ್ದಳು.

ಕೇಳಿದರೆ ಅಜ್ಜಿಯ ಎದೆ ಒಡೆದೀತು ಎಂದು ಆಶ್ರಮದವರಿಗೆ ಭಯ. ಮಗಳಿಗೆ ನೆಗಡಿ ಎಂದಷ್ಟೇ ಹೇಳು ಎಂದು ನರ್ಸ್ ಚಿನಾಮಿಗೆ ತಾಕೀತು ಮಾಡಿದರು.

ಚಿನಾಮಿ ಹಾಗೇ ಹೇಳಿದಳು. ಅಂದಿನಿಂದ ಅಜ್ಜಿ ಊಟ ಬಿಟ್ಟಳು.

ಒಂದು ದಿನ... ಎರಡು ದಿನ... ಮೂರನೆಯ ದಿನ ಗಂಜಿಯ ಚಮಚ ತುಟಿಗೆ ತಾಗಿಸಿದರೂ ಬಾಯಿ ತೆರೆಯಲಿಲ್ಲ.

ಚಿನಾಮಿ ನಾಡಿ ಹಿಡಿದು ನೋಡಿದಳು, ಕ್ಷೀಣವಾಗಿತ್ತು. ಹೇಳಿದರೆ ಜೀವ ಹೋದೀತು... ಹೇಳದಿದ್ದರೂ ಹೋಗುತ್ತಿದೆಯಲ್ಲ...

ಅಷ್ಟರಲ್ಲಿ ಆಸ್ಪತ್ರೆಯಿಂದ ಫೋನ್ ಬಂತು. ಹಿಸಾಯೆ ಆಪರೇಷನ್‌ಗೆ ಒಪ್ಪುತ್ತಿಲ್ಲವಂತೆ. ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ, ನನ್ನನ್ನು ಬಿಟ್ಟುಬಿಡಿ ಎನ್ನುತ್ತಿದ್ದಾಳಂತೆ. ಇನ್ನೂ ತಡಮಾಡಿದರೆ ಕಷ್ಟ ಎಂದರಂತೆ ಡಾಕ್ಟರ್.

ಚಿನಾಮಿ ಯಾರ ಅಪ್ಪಣೆಗೂ ಕಾಯಲಿಲ್ಲ. ಮಂಚದ ಪಕ್ಕ ಮಂಡಿಯೂರಿ, ಅಜ್ಜಿಯ ಕಿವಿಯಲ್ಲಿ ಎಲ್ಲವನ್ನೂ ಹೇಳಿಬಿಟ್ಟಳು.

ಅಜ್ಜಿ ಕಣ್ಣು ತೆರೆದು ಚಿನಾಮಿಯ ಕೈ ಹಿಡಿದಳು...

ಆಮೇಲೆ ಮೆಲ್ಲಗೆ ಅಂದಳು: "ಬದುಕಿದ್ದಾಳಲ್ಲ... ನೀವೆಲ್ಲ ಮುಖ ತಪ್ಪಿಸೋದು ನೋಡಿ, ಸತ್ತೇಹೋದಳು ಅಂದ್ಕೊಂಡಿದ್ದೆ ಕಣಮ್ಮ. ಗಂಜಿ ಕೊಡು. ಅವಳ ಹತ್ರ ಹೋಗ್ಬೇಕು."

ಅದೇ ಮಧ್ಯಾಹ್ನ ವೀಲ್‌ಚೇರ್‌ನಲ್ಲಿ ಬಂದ ಅಮ್ಮನನ್ನು ಕಂಡು ಹಿಸಾಯೆ ಬಿಕ್ಕಿಬಿಕ್ಕಿ ಅತ್ತಳು. ಭಯವಾಗ್ತಿದೆ, ನನಗೂ ವಯಸ್ಸಾಯ್ತಲ್ಲಮ್ಮ ಎಂದಳು.

ಅಜ್ಜಿ ಮಗಳ ಕೆನ್ನೆ ಒರೆಸಿದಳು.

"ನನ್ನೆದುರು ವಯಸ್ಸಿನ ಮಾತಾಡ್ತೀಯಾ? ಮೂರು ಜನರನ್ನ ಕಳಿಸಿಕೊಟ್ಟಿದ್ದೀನಿ... ನಿನ್ನನ್ನೂ ಕಳಿಸೋ ಶಕ್ತಿ ನನಗಿಲ್ಲ ಮಗಳೇ. ಸಹಿ ಹಾಕು."

ಹಿಸಾಯೆ ಸಹಿ ಹಾಕಿದಳು.

ಆಪರೇಷನ್ ಕೋಣೆಯ ಹೊರಗೆ ಇಬ್ಬರೂ ಎರಡು ಗಂಟೆ ಕಾದರು... ಮಲಗಿ ಎಂದು ಎಷ್ಟು ಹೇಳಿದರೂ ಅಜ್ಜಿ ಕದಲಲಿಲ್ಲ. ಚಿನಾಮಿಯೋ ಆಚೀಚೆ ಓಡಾಡುತ್ತಲೇ ಇದ್ದಳು.

ಕೊನೆಗೆ ಡಾಕ್ಟರ್ ಹೊರಬಂದು, ಮಾಸ್ಕ್ ಇಳಿಸಿ, ಮಗಳು ಚೆನ್ನಾಗಿದ್ದಾಳೆ ಎಂದರು.

ಚಿನಾಮಿ ಅಜ್ಜಿಯ ಮಡಿಲಲ್ಲಿ ಮುಖವಿಟ್ಟು ಅತ್ತುಬಿಟ್ಟಳು. ಸುಳ್ಳು ಹೇಳಿದ್ದಕ್ಕೆ ಕ್ಷಮೆ ಕೇಳಿದಳು. ಅಜ್ಜಿ ಅವಳ ಬೆನ್ನು ಸವರಿದಳು...

ಹಣ್ಣಾದ ಎದೆ ಎಂಥ ದುಃಖವನ್ನೂ ತಡೆದುಕೊಳ್ಳುತ್ತದೆ... ತನ್ನವರೇ ದೂರವಿಟ್ಟರೆ ಮಾತ್ರ ತಡೆಯಲಾರದು.

"ಪಾಪ, ಅವರಿಗ್ಯಾಕೆ ಹೇಳೋದು" ಎಂದು ನಿಮ್ಮ ಮನೆಯ ಹಿರಿಯರಿಂದ ನೀವು ಮುಚ್ಚಿಟ್ಟಿರುವುದು ಏನು?