ಅಜ್ಜನ ಎಡಗೈ

ವಿಭೂತಿಯ ವಾಸನೆ ಬಂದರೆ ಹಳೇ ಹುಬ್ಬಳ್ಳಿಯ ನಮ್ಮ ಮನೆಯ ಒಂದು ಮಧ್ಯಾಹ್ನ ನೆನಪಾಗುತ್ತದೆ. ಅದರಲ್ಲಿ ಎಷ್ಟು ನಿಜ, ಎಷ್ಟು ನಾನೇ ಕಟ್ಟಿಕೊಂಡದ್ದು ಎಂದು ಹೇಳಲಾರೆ.

ಲಕ್ವಾ ಹೊಡೆದು ಅಜ್ಜನ ಎಡಗೈ ಸೋತಿತ್ತು. ಆ ಅಂಗೈಯ ಮೇಲೆ ಇಷ್ಟಲಿಂಗ ನಿಲ್ಲದೆ ಪೂಜೆಯಿಲ್ಲ, ಪೂಜೆಯಾಗದೆ ಊಟವಿಲ್ಲ. ಎರಡು ದಿನದಿಂದ ಅವನು ಉಂಡಿರಲಿಲ್ಲ.

ಅವ್ವ ಎದುರಿಗೆ ಕುಳಿತು ಅವನ ಕೈಯಡಿ ತನ್ನ ಅಂಗೈ ಇಟ್ಟಳು.

"ಸೊಸಿ ಹಿಡಕೊಂಡ್ರ ಅದು ನನ್ನ ಪೂಜಿ ಹ್ಯಾಂಗ ಆಗತೈತಿ?" ಎಂದ ಅಜ್ಜ.

"ಮ್ಯಾಲಿನ ಕೈ ನಿಮ್ಮದ ಐತಲ್ರಿ ಮಾವಾರ. ನನ್ನ ಕೈ ಕೆಳಗಿಟ್ಟ ಒಂದು ಕಟ್ಟಿಗಿ ಮಣಿ ಅಂತ ತಿಳೀರಿ. ಲಗೂ ಮಾಡ್ರಿ, ರೊಟ್ಟಿ ಆರಾಕತ್ತಾವ."

ಅಜ್ಜ ನಕ್ಕ. ಪೂಜೆ ಮುಗಿಸಿ ಉಂಡ.

ಆಮೇಲೆ ಅವ್ವ ಒಲೆಯ ಮುಂದೆ ಕುಳಿತು ಮೂರೋ ನಾಲ್ಕೋ ರೊಟ್ಟಿ ತಿಂದಳು. ಅವಳು ಅಷ್ಟು ಹಸಿದದ್ದನ್ನು ನಾನು ಎಂದೂ ನೋಡಿರಲಿಲ್ಲ.