ಬೆಳ್ಳಮ್ಮನ ನಾಲ್ಕು ಗಂಟೆ

ಕಣ್ಣು ಬಿಟ್ಟ ಬೆಳ್ಳಮ್ಮ ಮೊದಲು ಕೇಳಿದ್ದು, "ಕರ ಬುಟ್ರಾ?" ಎಂದು.

ಮಂಚದ ಪಕ್ಕ ನಿಂತಿದ್ದ ಸೊಸೆ ನಯನಳಿಗೆ ನಗು ತಡೆಯಲಾಗಲಿಲ್ಲ. "ಕರು ಬಿಡೋಕೆ ಇದು ಕೊಟ್ಟಿಗೆ ಅಲ್ಲ ಅತ್ತೆ, ಮಂಡ್ಯದ ಆಸ್ಪತ್ರೆ. ಪಿತ್ತಕೋಶದ ಕಲ್ಲು ತೆಗೆದಾಯ್ತು. ಈಗ ಸಾಯಂಕಾಲ ಆರು ಗಂಟೆ."

"ಸುಳ್ಳೇಳ್ಬೇಡ. ಈಗ ಹೊತ್ತಾರೆ ಕಣಮ್ಮಿ."

ಅರಿವಳಿಕೆ ಕೊಟ್ಟಿದ್ದ ಡಾಕ್ಟರ್ ಅಮೃತ ನಾಡಿ ಹಿಡಿದು ನೋಡಿದರು. "ನಿದ್ದೆ ಮಾಡಿದ್ರೆ ಹೊತ್ತು ಹೋಗಿದ್ದು ಮೈಗೆ ಗೊತ್ತಾಗುತ್ತೆ ಅಜ್ಜಿ. ಅರಿವಳಿಕೆಯಲ್ಲಿ ಗೊತ್ತಾಗಲ್ಲ, ಒಳಗಿನ ಗಡಿಯಾರ ಹಿಂದೆ ಬೀಳುತ್ತೆ. ಕೆಲವು ದಿನ ಏಳೋ ಹೊತ್ತು ಏರುಪೇರಾಗಬಹುದು. ಬೆಳಗ್ಗೆ ಬಿಸಿಲಲ್ಲಿ ಕೂತ್ಕೊಳ್ಳಿ, ಸರಿಹೋಗುತ್ತೆ. ಹದಿನೈದು ದಿನ ಹಾಲು ಕರೆಯೋದು ಮಾತ್ರ ಬೇಡ."

"ನನ್ ಗಡಿಯಾರ ಕೆಡಕಿಲ್ಲ ಕಣವ್ವ. ನಲ್ವತ್ ವರ್ಸ ನಾಕ್ ಗಂಟ್ಗೆ ಎದ್ದಿವ್ನಿ. ಕೋಳೀನ ಎಬ್ಬುಸ್ತಿದ್ದೋಳೇ ನಾನು."

ಕಿರುಗಾವಲಿನ ಮನೆಗೆ ಬಂದ ಮೇಲೆ ಅತ್ತೆ ಸೊಸೆ ಮಾತಾಡಿಕೊಂಡಿದ್ದು ಇಷ್ಟೇ: ನಾಲ್ಕಕ್ಕೆ ಎದ್ದು ಬೆಳ್ಳಮ್ಮ ಹಸುವಿನ ಮೈ ಸವರುತ್ತ ನಿಲ್ಲುವುದು, ನಯನ ಹಾಲು ಕರೆಯುವುದು. ಬೆಳ್ಳಮ್ಮನ ಮೈವಾಸನೆ ಇಲ್ಲದೆ ಕೆಂಪಿ ಹಾಲು ಇಳಿಸುತ್ತಿರಲಿಲ್ಲ. ಆದರೆ ಮೊದಲ ದಿನ ಬೆಳ್ಳಮ್ಮ ಕಣ್ಣು ಬಿಟ್ಟಾಗ ಏಳಾಗಿತ್ತು. ಕೆಂಪಿ ಬಕೆಟ್ಟು ಒದ್ದಿತ್ತು, ಡೈರಿ ಮುಚ್ಚಿತ್ತು. ಮರುದಿನವೂ ಹಾಗೇ ಆಯಿತು.

"ನಿನ್ ನೈಟಿ ಕಂಡ್ರೆ ಆಗಕಿಲ್ಲ ಅದ್ಕೆ. ನನ್ನೊಂದ್ ಕೂಗ್ ಕೂಗ್ಬಾರ್ದಾ?"

"ಕೂಗಕ್ಕೇ ಬಂದೆ ಅತ್ತೆ. ಬಾಯಿ ತಕ್ಕೊಂಡು ಮಗೀನಂಗೆ ಮನ್ಗಿದ್ರಿ. ಮನ್ಸು ಬರ್ನಿಲ್ಲ."

ಬೆಳ್ಳಮ್ಮ ಗೋಡೆಯ ಕಡೆ ಮುಖ ತಿರುಗಿಸಿದಳು. "ಆ ಕರ ಎಷ್ಟೂಂತ ಕುಡಿದದು? ಹಾಲು ನಿಂತ್ರೆ ಕೆಚ್ಚಲು ಬಾತ್ಕತದೆ. ಯಾರ್ಗೂ ಬ್ಯಾಡ್ದಿದ್ರೂ ನಾಕ್ ಗಂಟೆ ಒಂದು ನಂದಾಗಿತ್ತು. ಅದೂ ಓಯ್ತಲ್ಲ."

ಅವತ್ತು ಡಾಕ್ಟರು ಹೇಳಿದಂತೆ ಜಗಲಿಯ ಬಿಸಿಲಲ್ಲಿ ಸುಮ್ಮನೆ ಕೂತಳು.

ಮೂರನೆಯ ದಿನ ಬೆಳಗಿನ ಜಾವ ತಾನಾಗಿಯೇ ಎಚ್ಚರವಾಯಿತು. ಗೋಡೆಯ ಗಡಿಯಾರ ನೋಡಿದಳು. ನಾಲ್ಕು. ಖುಷಿಗೆ ಕಣ್ಣಲ್ಲಿ ನೀರೇ ಬಂತು. ಹೊಟ್ಟೆಯನ್ನು ಅಂಗೈಯಲ್ಲಿ ಒತ್ತಿ ಹಿಡಿದು ಕೊಟ್ಟಿಗೆಯ ಬಾಗಿಲಿಗೆ ಬಂದಳು.

ಒಳಗೆ ದೀಪ ಉರಿಯುತ್ತಿತ್ತು. ಬೆಳ್ಳಮ್ಮನ ಹಳೆಯ ಹಸಿರು ಸೀರೆ ಉಟ್ಟು, ಅವಳಂತೆಯೇ ತಲೆ ಮೇಲೆ ಸೆರಗು ಹೊದ್ದು, ಒಬ್ಬಳು ಕುಕ್ಕರಗಾಲಲ್ಲಿ ಕೂತಿದ್ದಳು. ತನ್ನನ್ನೇ ಬೆನ್ನ ಹಿಂದಿನಿಂದ ನೋಡಿದಂತಾಯಿತು ಬೆಳ್ಳಮ್ಮನಿಗೆ. "ಬುಡವ್ವ, ಬುಡು ನನ್ ಕಂದ," ಮಾತು ತನ್ನದು, ದನಿ ನಯನಳದು. ಕೆಂಪಿ ಕಣ್ಣು ಅರೆಮುಚ್ಚಿ ಮೆಲುಕು ಹಾಕುತ್ತಿತ್ತು. ಬಕೆಟ್ಟಿನಲ್ಲಿ ಹಾಲು ನೊರೆಗಟ್ಟುತ್ತಿತ್ತು.

ಬೆಳ್ಳಮ್ಮ ಸದ್ದಿಲ್ಲದೆ ಹಿಂದಕ್ಕೆ ಬಂದು ಕಂಬಳಿ ಎಳೆದುಕೊಂಡಳು.

ಏಳಕ್ಕೆ ನಯನ ಕಾಫಿ ತಂದಳು. ಮತ್ತೆ ನೈಟಿಯಲ್ಲಿದ್ದಳು, ಮುಖ ಬೆಳಗುತ್ತಿತ್ತು. "ಕೆಂಪಿ ಇವತ್ತು ಐದು ಲೀಟ್ರು ಕೊಡ್ತು ಅತ್ತೆ! ನಿಮ್ ಗಡಿಯಾರ ಸರೋಯ್ತಾ?"

"ಎಲ್ ಸರೋಯ್ತು ಕಣಮ್ಮಿ," ಬೆಳ್ಳಮ್ಮ ಉದ್ದಕ್ಕೆ ಆಕಳಿಸಿದಳು. "ಇನ್ನೂ ಅದ್ನೈದ್ ದಿವ್ಸ ಬೇಕು."

ಹಾಗೆನ್ನುತ್ತಲೇ ಸೊಸೆಯ ಕೂದಲಿಗೆ ಸಿಕ್ಕಿಕೊಂಡಿದ್ದ ಹುಲ್ಲುಕಡ್ಡಿಯೊಂದನ್ನು ಮೆಲ್ಲಗೆ ಬಿಡಿಸಿ, ತನ್ನ ದಿಂಬಿನಡಿಗೆ ಸೇರಿಸಿದಳು.